ಗುಂಡಮ್ಮನ ತಿಂಡಿ, ತಾತನ ಹಲ್ಲು

ನಮ್ಮ ಯಜಮಾನರ ಬಾಯಲ್ಲಿರುವ ಹಲ್ಲುಗಳಲ್ಲಿ ಒಂದೂ ಅವರದ್ದಲ್ಲ. ಈ ವಿಷಯ ನನಗೆ ಗೊತ್ತು. ನನಗೆ ಗೊತ್ತಿದೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಮಗ ಸೊಸೆಗಂತೂ ಏನೂ ಗೊತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ನಮ್ಮ ಸಂಸಾರ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಕೊನೆಗೆ ಎಲ್ಲವನ್ನೂ ರಟ್ಟು ಮಾಡಿದ್ದು ಇನ್ನೂ ವರ್ಷ ತುಂಬದ, ಮಾತೂ ಬಾರದ ನನ್ನ ಮೊಮ್ಮಗಳು.

ಯಜಮಾನರ ಕಸುಬೇ ಹಲ್ಲಿನ ಸೆಟ್ಟು ಮಾಡೋದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವರು ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದರು. ಈಗ ಅಂಗಡಿ ಮುಚ್ಚಿದ್ದಾರೆ, ಆದರೆ ಬೀದಿಯಲ್ಲಿ ಯಾರಾದರೂ ವಯಸ್ಸಾದವರು ನಕ್ಕರೆ ಇವರು ಕತ್ತು ಓರೆ ಮಾಡಿ ನೋಡಿ, "ಅದು ನನ್ನ ಕೈಕೆಲಸ" ಅನ್ನೋದು ಮಾತ್ರ ಬಿಟ್ಟಿಲ್ಲ. ಇಂಥವರಿಗೆ ತಮ್ಮದೇ ಹಲ್ಲು ಕೈಕೊಟ್ಟಿತು. ಒಂದೊಂದಾಗಿ ಹೋಗುವಾಗ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಓಡಾಡಿದರು. ಕೇಳಿದರೆ ನೆಗಡಿ ಅಂದರು. ಋತುಗಳು ಬದಲಾದರೂ ಹೋಗದ ಅಂಥ ನೆಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಒಂದು ದಿನ ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತು, ಕರ್ಚೀಫು ತೆಗೆದು, ನನ್ನ ಮುಖ ನೋಡಿ ನಕ್ಕರು. ಮದುವೆಯ ದಿನವೂ ಅವರ ಹಲ್ಲು ಅಷ್ಟು ಸಾಲಾಗಿರಲಿಲ್ಲ.

"ನೆಗಡಿ ಹೋಯ್ತಾ?" ಅಂದೆ.

"ಹೋಯ್ತು ಕಣೇ" ಅಂದರು.

ಅಷ್ಟೇ. ಅವತ್ತಿನಿಂದ ಬಚ್ಚಲುಮನೆಯ ಕನ್ನಡಿಯ ಹಿಂದಿನ ಗೂಡಿನಲ್ಲಿ ಮುಚ್ಚಳವಿರುವ ಒಂದು ಬಟ್ಟಲು ಬಂತು. ಶೇವಿಂಗ್ ಬ್ರಷ್ ನೆನೆಹಾಕಿದ್ದೀನಿ, ಮುಟ್ಟಬೇಡ ಅಂದರು. ನಾನು ಮುಟ್ಟಲಿಲ್ಲ. ಗೂಡು ಒರೆಸುವಾಗ ಕೂಡ ಅದರ ಸುತ್ತ ಒರೆಸಿ ಬಿಟ್ಟೆ. ತಲೆಯಲ್ಲಿ ಕೂದಲಿಲ್ಲದ, ಹೊಟ್ಟೆ ಮುಂದೆ ಬಂದ ಗಂಡಸಿಗೆ ಜಂಬಪಡಲು ಏನಾದರೂ ಒಂದು ಬೇಡವೇ? ಯಾರು ಸಿಕ್ಕರೂ "ಈ ವಯಸ್ಸಲ್ಲೂ ಒಂದೂ ಅಲ್ಲಾಡಿಲ್ಲ ನೋಡಿ" ಅಂತ ಹಲ್ಲು ತೋರಿಸುತ್ತಿದ್ದರು. ಅಲ್ಲಾಡಿಲ್ಲ ನಿಜ. ಅವರ ಕೆಲಸ ಅಷ್ಟು ಅಚ್ಚುಕಟ್ಟು.

ಸೊಸೆಯ ಎದುರಿಗಂತೂ ಈ ಜಂಬ ಇನ್ನೂ ಒಂದು ತೂಕ ಹೆಚ್ಚು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಹಲ್ಲು ಹೇಗೆ ಉಜ್ಜಬೇಕು ಅಂತ ಊಟದ ಮೇಜಿನ ಮುಂದೆ ಬೆರಳಲ್ಲಿ ಮಾಡಿ ತೋರಿಸಿದ್ದರು. ಪಾಪ, ಆ ಹುಡುಗಿ "ಸರಿ ಮಾವ" ಅಂತ ಇವತ್ತಿಗೂ ಹಾಗೇ ಉಜ್ಜುತ್ತಾಳೆ.

ನಮ್ಮ ಸೊಸೆ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಕಣ್ಣಿಗೆ ಕಾಣದ್ದನ್ನು ಹುಡುಕೋದೇ ಅವಳ ಕೆಲಸವಾದ್ದರಿಂದ ಕಣ್ಣಿಗೆ ಕಾಣುವ ಯಾವುದನ್ನೂ ನಂಬುವುದಿಲ್ಲ. ಫ್ರಿಜ್ಜಿನಲ್ಲಿರುವ ಡಬ್ಬಿಗಳಿಗೆಲ್ಲ ತಾರೀಖು ಬರೆದ ಚೀಟಿ ಅಂಟಿಸುತ್ತಾಳೆ. ಒಮ್ಮೆ ನಾನು ಬೆಳಿಗ್ಗೆ ಇಟ್ಟ ಹಾಲಿಗೂ ಅಂಟಿಸಿ, ಸಂಜೆಯೊಳಗೆ ಖಾಲಿಯಾಗಬೇಕು ಅಂತ ತೀರ್ಪು ಕೊಟ್ಟಿದ್ದಳು. ಒಳ್ಳೆಯವಳು, ಆದರೆ ಅವಳ ಮುಂದೆ ನಿಂತರೆ ನನಗೂ ಒಂದು ಚೀಟಿ ಅಂಟಿಸಿಬಿಡುತ್ತಾಳೇನೋ ಅನ್ನಿಸುತ್ತದೆ.

ಮಗು ಹುಟ್ಟಿದ ಮೇಲೆ ತೆಗೆದುಕೊಂಡ ರಜೆ ಮುಗಿಯುತ್ತಾ ಬಂದಾಗ ಅವಳು ರಾತ್ರಿ ಊಟಕ್ಕೆ ಕೂತು, "ಪಕ್ಕದ ಬೀದಿಯಲ್ಲಿ ಒಂದು ಡೇಕೇರ್ ಇದೆ, ನೋಡಿಕೊಂಡು ಬಂದಿದ್ದೀನಿ. ಚೊಕ್ಕಟವಾಗಿದೆ" ಅಂದಳು.

ಯಜಮಾನರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮನೆಯಲ್ಲಿ ನಾನು ಗುಂಡುಕಲ್ಲಿನ ಹಾಗೆ ಕೂತಿಲ್ವೇನಮ್ಮ?"

"ಕೂತಿದ್ದೀರಿ ಮಾವ. ಆದರೆ ಇವಳಿಗೆ ತಿನ್ನಿಸೋದು ಸುಲಭ ಅಲ್ಲ. ಹೊತ್ತುಹೊತ್ತಿಗೆ ಮೆತ್ತಗಿರೋದು ಏನಾದರೂ ಮಾಡಿಕೊಡಬೇಕು. ಉಪ್ಪು ಹಾಕೋ ಹಾಗಿಲ್ಲ, ಸಕ್ಕರೆ ಇಲ್ಲ, ಜೇನುತುಪ್ಪ ಇಲ್ಲವೇ ಇಲ್ಲ. ಅಂಗಡಿ ಬಿಸ್ಕತ್ತು ಬೇಡ."

"ಇಷ್ಟೇ ತಾನೇ? ಇಡೀ ಊರಿನ ಬಾಯಿ ನೋಡಿಕೊಂಡವನಿಗೆ ಈ ಪುಟ್ಟ ಬಾಯಿ ಒಂದು ಲೆಕ್ಕವಾ?"

ಸೊಸೆ ನನ್ನ ಮುಖ ನೋಡಿದಳು. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಗಿರಾಕಿಗಳು ಬಂದು ಹೋಗುತ್ತಿರುತ್ತಾರೆ, ಮಷಿನ್ನಿನಿಂದ ಏಳಲು ಪುರುಸೊತ್ತಿರುವುದಿಲ್ಲ. ಆದ್ದರಿಂದ ನಾನು ಅಡ್ಡಗೋಡೆಯ ಹಾಗೆ ಸುಮ್ಮನಿದ್ದೆ. ಕೊನೆಗೆ ಒಂದು ಒಪ್ಪಂದವಾಯಿತು. ಒಂದು ವಾರ ಸೊಸೆ ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗುತ್ತಾಳೆ. ಆ ವಾರದಲ್ಲಿ ಮಗು ತಾತನ ಕೈಯಲ್ಲಿ ಸರಿಯಾಗಿ ತಿಂದರೆ ಮನೆಯಲ್ಲೇ ಇರುತ್ತದೆ. ಇಲ್ಲವಾದರೆ ಮುಂದಿನ ಸೋಮವಾರದಿಂದ ಡೇಕೇರ್.

ಯಜಮಾನರು ಆ ರಾತ್ರಿ ಮಗುವಿನ ತೊಟ್ಟಿಲ ಪಕ್ಕ ಬಹಳ ಹೊತ್ತು ನಿಂತಿದ್ದರು. ಅಂಗಡಿ ಮುಚ್ಚಿದ ಮೇಲೆ ಅವರಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಅಂತ ಇದ್ದರೆ ಅದು ಈ ಗುಂಡಮ್ಮ. ಅದರ ಕೆನ್ನೆ, ಕೈಕಾಲು, ಹೊಟ್ಟೆ ಎಲ್ಲ ದುಂಡಗಿರುವುದರಿಂದ ಹೆಸರು ಇಡುವ ಮೊದಲೇ ಅವರು ಇಟ್ಟ ಹೆಸರು ಅದು. ಗುಂಡಮ್ಮನಿಗೆ ಆಗ ಕೆಳಗೆ ಎರಡು, ಮೇಲೆ ಎರಡು ಹಲ್ಲು ಬಂದಿದ್ದವು.

ಸೋಮವಾರ ಯಜಮಾನರು ಅಡುಗೆಮನೆಗೆ ಹೋದ ಠೀವಿ ನೋಡಬೇಕಿತ್ತು. ಬಿಳಿ ಏಪ್ರನ್ನು ಕಟ್ಟಿದರು. ಮೇಣ ಕೆತ್ತುವ ಚಾಕು, ಇನ್ನೂ ಬಳಸದ ಹೊಸದು, ಕುದಿಯುವ ನೀರಿಗೆ ಹಾಕಿ ತೆಗೆದರು. ದಪ್ಪ ಅಳೆಯುವ ಇಕ್ಕಳದಂಥ ಸಾಧನವನ್ನೂ ತಂದಿಟ್ಟುಕೊಂಡರು. ಗೆಣಸನ್ನು ಅರೆಬರೆ ಬೇಯಿಸಿ, ಕೂತು ಕೆತ್ತಿದರು, ಕೆತ್ತಿದರು, ಮಗು ಒಂದು ನಿದ್ದೆ ಮುಗಿಸಿ ಏಳುವವರೆಗೂ ಕೆತ್ತಿದರು. ತಟ್ಟೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಗೆಣಸಿನ ತುಂಡುಗಳೆಲ್ಲ ಹಲ್ಲಿನ ಆಕಾರದಲ್ಲಿದ್ದವು. ಮುಂದಿನ ಹಲ್ಲು, ಕೋರೆಹಲ್ಲು, ದವಡೆಹಲ್ಲು, ಎಲ್ಲ ಸಾಲಾಗಿ.

"ಕೈ ತಾನಾಗೇ ಹಾಗೆ ಹೋಯ್ತು" ಅಂದರು.

ಗುಂಡಮ್ಮ ಒಂದು ದವಡೆಹಲ್ಲನ್ನು ಬಾಯಿಗಿಟ್ಟು, ಮುಖ ಕಿವುಚಿ, ತೆಗೆದು ತಾತನ ಕನ್ನಡಕಕ್ಕೆ ಎಸೆಯಿತು. ಉಳಿದದ್ದನ್ನು ಒಂದೊಂದಾಗಿ ನೆಲಕ್ಕೆ ಹಾಕಿ, ಪ್ರತಿಯೊಂದೂ ಬಿದ್ದದ್ದನ್ನು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಿತು.

ಮಧ್ಯಾಹ್ನಕ್ಕೆ ಬಾಳೆಹಣ್ಣು ಹಿಸುಕಿ, ಓಟ್ಸ್ ಪುಡಿ ಕಲಸಿ, ತವಾದ ಮೇಲೆ ಸಣ್ಣ ಸಣ್ಣ ಬಿಲ್ಲೆ ಬೇಯಿಸಿದರು. ಹಲ್ಲಿನ ಅಚ್ಚಿಗೆ ಸುರಿಯುವ ಪುಡಿ ಕಲಸಿ ರೂಢಿಯಾದ ಕೈ, ಗಟ್ಟಿಯಾಗುವವರೆಗೂ ಓಟ್ಸ್ ಸುರಿಯುತ್ತಲೇ ಹೋಗಿತ್ತು. ಮಗು ಮುಟ್ಟಲೂ ಇಲ್ಲ. ಆಗ ಡ್ಯೂಟಿ ಮುಗಿಸಿ ಬಂದ ಮಗ, ಅವನು ಸಿಟಿ ಬಸ್ಸಿನ ಡ್ರೈವರ್, ನಿಂತಲ್ಲೇ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ದವಡೆ ಆಡಿಸತೊಡಗಿದ. ಬಟ್ಟೆ ಬದಲಾಯಿಸಿ, ಮುಖ ತೊಳೆದು ಬಂದಾಗಲೂ ಅದೇ ಬಿಲ್ಲೆ ಬಾಯಲ್ಲಿತ್ತು.

"ಅಪ್ಪ, ಇದನ್ನ ನಮ್ಮ ಡಿಪೋಗೆ ಕೊಡೋಣ. ಟೈರಿಗೆ ತೇಪೆ ಹಾಕೋಕೆ ಆಗುತ್ತೆ" ಅಂದ. ಅಂದು ಇನ್ನೊಂದು ಎತ್ತಿಕೊಂಡ. ಅವನ ಹೊಟ್ಟೆಗೆ ರುಚಿ ಗಿಚಿ ಅನ್ನುವ ಭೇದವಿಲ್ಲ.

ಸೊಸೆ ನಗಲಿಲ್ಲ. ಒಂದು ಗೆಣಸಿನ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿ ತೋರಿಸಿದಳು. "ಮಾವ, ಹೀಗೆ ಒತ್ತಿದರೆ ಪೂರ್ತಿ ಹಿಸುಕಿಹೋಗಬೇಕು. ಆಗ ಮಾತ್ರ ಕೊಡಬೇಕು. ಇದು ಬೆರಳಿಗೇ ಗಟ್ಟಿ."

"ಬೆರಳಿಗೇನು ಗೊತ್ತಮ್ಮ ವಸಡಿನ ಕಷ್ಟ?" ಅಂದುಬಿಟ್ಟರು ಯಜಮಾನರು. ಅಂದ ತಕ್ಷಣ ಕೆಮ್ಮಿದರು. ಸೊಸೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ.

ಮಂಗಳವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ತಾತ, ಎತ್ತರದ ಕುರ್ಚಿಯಲ್ಲಿ ಬೆಲ್ಟು ಹಾಕಿ ಕೂರಿಸಿದ ಮೊಮ್ಮಗಳು, ಇಬ್ಬರೇ. ಆದರೆ ನನ್ನ ಹೊಲಿಗೆ ಕೋಣೆಗೂ ಅಡುಗೆಮನೆಗೂ ನಡುವೆ ತಟ್ಟೆ ದಾಟಿಸುವ ಒಂದು ಸಣ್ಣ ಕಿಂಡಿ ಇದೆ. ಅದರ ಪರದೆಯನ್ನು ಹೊಲಿದವಳು ನಾನೇ. ಎಲ್ಲಿ ಸರಿಸಿದರೆ ಎಷ್ಟು ಕಾಣುತ್ತದೆ ಅಂತ ಚೆನ್ನಾಗಿ ಗೊತ್ತು.

ಯಜಮಾನರು ಬಾಗಿಲ ಕಡೆ ಬೆನ್ನು ಮಾಡಿ ನಿಂತರು. ಹೆಬ್ಬೆರಳನ್ನು ಬಾಯಿಗೆ ಹಾಕಿ ಮೇಲಿನದನ್ನು ಕಿತ್ತರು. ಆಮೇಲೆ ಕೆಳಗಿನದು. ಸ್ಟೀಲ್ ಬಟ್ಟಲಿನ ನೀರಿಗೆ ಹಾಕಿದಾಗ ಟಣ್ ಅಂತ ಸದ್ದಾಯಿತು. ಮುಖ ಒಳಗೆ ಹೋಗಿ ಅವರು ಥೇಟ್ ಅವರ ತಾಯಿಯ ಹಾಗೆ ಕಂಡರು. ಹಬೆಯಲ್ಲಿ ಬೆಂದ ಸೇಬಿನ ಒಂದು ಹೋಳನ್ನು ಬಾಯಿಗಿಟ್ಟು, ಬರೀ ವಸಡಿನಲ್ಲಿ ಒತ್ತಿ, ಕಣ್ಣು ಮುಚ್ಚಿ ಯೋಚಿಸಿದರು. "ಊಹೂಂ" ಅಂದು ಉಳಿದ ಹೋಳುಗಳನ್ನು ಮತ್ತೆ ಒಲೆಗೆ ಇಟ್ಟರು. ಮತ್ತೆ ಒಂದು ಹೋಳು ತಿಂದು ನೋಡಿದರು. ಈ ಸಲ ತಲೆಯಾಡಿಸಿದರು. ಸೋಪು ಹಾಕಿ ಕೈ ತೊಳೆದು, ಬೇರೆ ತಟ್ಟೆಯಿಂದ ಹೊಸ ಹೋಳು ತೆಗೆದು ಮಗುವಿನ ಮುಂದಿಟ್ಟರು.

ಗುಂಡಮ್ಮ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಹೋಳನ್ನು ಎತ್ತಿ ಬಾಯಿಗಿಟ್ಟಿತು. ನುಂಗಿತು. ಇನ್ನೊಂದಕ್ಕೆ ಕೈ ಚಾಚಿತು.

ನನ್ನ ಕಣ್ಣು ತುಂಬಿತು. ಅದರ ಜೊತೆಗೇ ನಗುವೂ ಬಂದು, ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಎಷ್ಟೋ ವರ್ಷದಿಂದ ನನ್ನಿಂದ ಬಚ್ಚಿಟ್ಟ ಬಾಯನ್ನು ಈ ಮನುಷ್ಯ ಮೊಮ್ಮಗಳ ಎದುರು ತೆರೆದಿದ್ದರು. ಮಾತು ಬಾರದವಳು, ಯಾರಿಗೆ ಹೇಳುತ್ತಾಳೆ ಅನ್ನುವ ಧೈರ್ಯ.

ಅಲ್ಲಿಂದ ಯಜಮಾನರ ಕೈ ತಡೆಯುವವರೇ ಇಲ್ಲ. ಗೆಣಸನ್ನು ಬೆಣ್ಣೆಯಂತೆ ಬೇಯಿಸಿ ಬೆರಳುದ್ದ ಕತ್ತರಿಸಿದರು. ಕ್ಯಾರೆಟ್ಟನ್ನು ಹಬೆಯಲ್ಲಿ ಬೇಯಿಸಿ, ಬೇಯಿಸಿ, ಅದು ತಾನಾಗೇ ಶರಣಾದ ಮೇಲೆ ಇಳಿಸಿದರು. ಬೇಳೆ ನುಣ್ಣಗೆ ಬೇಯಿಸಿ ಕುಂಬಳಕಾಯಿ ಸೇರಿಸಿ ಬಿಲ್ಲೆ ಮಾಡಿದರು. ಬಾಳೆಹಣ್ಣಿನ ಬಿಲ್ಲೆಗೆ ಓಟ್ಸ್ ಕಡಿಮೆ ಮಾಡಿ, ಒಂದು ಮೊಟ್ಟೆ ಒಡೆದು ಹಾಕಿದ್ದೇ ಅದು ಹತ್ತಿಯಂತಾಯಿತು. ಯಾವುದಕ್ಕೂ ಉಪ್ಪಿಲ್ಲ, ಸಕ್ಕರೆಯಿಲ್ಲ, ಅಂಗಡಿಯಿಂದ ವಿಶೇಷವಾಗಿ ತಂದದ್ದು ಏನೂ ಇಲ್ಲ. ಮಗು ತಟ್ಟೆ ನೆಕ್ಕುವುದೊಂದು ಬಾಕಿ. ಮಿಕ್ಕಿದ್ದನ್ನು ನೆಕ್ಕಲು ಅದರ ಅಪ್ಪ ಇದ್ದ.

ಬುಧವಾರದ ಹೊತ್ತಿಗೆ ಸುದ್ದಿ ಬೀದಿ ದಾಟಿತು. ಎದುರುಮನೆಯ ಬಾಣಂತಿ, ನನ್ನ ಹತ್ತಿರ ಕುಪ್ಪಸದ ಅಳತೆ ಕೊಡಲು ಬಂದವಳು, ಅಳತೆ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಜ್ಜಾ, ಇಷ್ಟು ಹದವಾಗಿ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಅದು ಅನುಭವ ತಾಯಿ. ಬಾಯಿಬಿಟ್ಟು ಹೇಳಿಕೊಡೋಕಾಗಲ್ಲ" ಅಂದು ಎಲ್ಲ ಹಲ್ಲನ್ನೂ ತೋರಿಸಿ ನಕ್ಕರು.

ಸೊಸೆಯೂ ಸೋತಳು. ಬೆರಳಲ್ಲಿ ಒತ್ತಿ ಒತ್ತಿ ನೋಡಿ, ಏನೂ ತಪ್ಪು ಸಿಗದೆ, "ಚೆನ್ನಾಗಿದೆ ಮಾವ" ಅಂದಳು. ನೀರಿಗೂ ಅವಳು ಅಷ್ಟು ಸುಲಭವಾಗಿ ಚೆನ್ನಾಗಿದೆ ಅನ್ನುವವಳಲ್ಲ. ಯಜಮಾನರು ಉಬ್ಬಿಹೋದರು. ಅವತ್ತು ಬಾಗಿಲಿಗೆ ಬಂದ ಗ್ಯಾಸಿನವನಿಗೂ ಕುಂಬಳಕಾಯಿ ಬಿಲ್ಲೆ ಕೊಟ್ಟು ಕಳಿಸಿದರು.

ಗುರುವಾರ ಸಂಜೆ ಎಡವಟ್ಟು ಶುರುವಾಯಿತು. ಯಜಮಾನರು ವಾಕಿಂಗ್ ಹೋಗಿದ್ದರು. ಸೊಸೆ ಮಗುವನ್ನು ಕೂರಿಸಿ, ಮಾವ ಮಾಡಿಟ್ಟ ಗೆಣಸನ್ನು ಮುಂದಿಟ್ಟಳು. ಗುಂಡಮ್ಮ ಗೆಣಸು ಮುಟ್ಟಲಿಲ್ಲ. ತನ್ನ ಬಾಯಿಗೆ ಬೆರಳು ಹಾಕಿ, ಮುಂದಿನ ಹಲ್ಲು ಹಿಡಿದು ಎಳೆಯತೊಡಗಿತು. ಬರಲಿಲ್ಲ. ಇನ್ನೊಂದು ಕೈಯನ್ನೂ ಹಾಕಿತು. ಆಗಲೂ ಬರಲಿಲ್ಲ. ಮುಖ ಕೆಂಪಾಗಿ, ಹಲ್ಲನ್ನು ಬಿಟ್ಟು, ಸೊಸೆಯ ಬಾಯನ್ನೇ ನೋಡುತ್ತಾ ಕಾದಿತು. ಸೊಸೆ ಏನೂ ಮಾಡದೇ ಇದ್ದಾಗ ಕೈ ಚಾಚಿ ಅವಳ ಮುಂದಿನ ಹಲ್ಲು ಹಿಡಿದು ಜಗ್ಗಿತು.

"ಅಯ್ಯೋ! ರೀ, ಬನ್ನಿ ಇಲ್ಲಿ!"

ಮಗ ಬಂದು ಬಗ್ಗಿದ. "ಏನು ಪುಟ್ಟ?" ಅಂತ ಬಾಯಿ ತೆರೆದಿದ್ದೇ ತಡ, ಗುಂಡಮ್ಮ ಅವನ ಕೆಳಗಿನ ಹಲ್ಲುಸಾಲನ್ನು ಐದೂ ಬೆರಳಲ್ಲಿ ಹಿಡಿದು ನೇತಾಡಿತು. ಇಷ್ಟು ದೊಡ್ಡ ಬಸ್ಸು ತಿರುಗಿಸುವ ಮನುಷ್ಯ, ಬಾಯಿ ಬಿಡಿಸಿಕೊಳ್ಳಲಾಗದೆ "ಆ ಆ" ಅನ್ನುತ್ತಾ ಮೇಜಿನ ಸುತ್ತ ತಿರುಗಿದ.

ನಾನು ಕಿಂಡಿಯ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ. ನನಗೆ ಎಲ್ಲ ಅರ್ಥವಾಗಿತ್ತು. ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ತಿನ್ನುವ ಮೊದಲು ಹಲ್ಲು ಬಿಚ್ಚಿಡಬೇಕು. ತಾತ ಹಾಗೆ ಮಾಡುತ್ತಾನೆ. ತನಗೆ ಬಿಚ್ಚಲು ಬರುತ್ತಿಲ್ಲ. ಅಮ್ಮ ಅಪ್ಪ ಬಿಚ್ಚುತ್ತಲೇ ಇಲ್ಲ, ಎಂಥ ಶಿಸ್ತಿಲ್ಲದ ಜನ!

ಶುಕ್ರವಾರವೂ ಅದೇ ಕತೆ. ಮಧ್ಯಾಹ್ನದವರೆಗೆ ಮುಚ್ಚಿದ ಬಾಗಿಲ ಹಿಂದೆ ತಾತನ ಜೊತೆ ತಟ್ಟೆ ಖಾಲಿ. ಸಂಜೆ ತಂದೆ ತಾಯಿಯ ಎದುರು ಉಪವಾಸ. ಎಳೆದೆಳೆದು ಮಗುವಿನ ವಸಡು ಕೆಂಪಾಯಿತು. ಸೊಸೆ ಟಾರ್ಚು ಹಾಕಿ ನೋಡಿ, ತುಟಿ ಬಿಗಿ ಹಿಡಿದು ನಿಂತಳು. ಆಮೇಲೆ ಅವಳು ಹೇಳಿದ ಮಾತು ನನಗೂ ಚುಚ್ಚಿತು.

"ಮಾವ, ನೀವು ಬೇಜಾರು ಮಾಡ್ಕೋಬೇಡಿ. ಬಾಗಿಲು ಹಾಕ್ಕೊಂಡು ಏನೋ ಗಟ್ಟಿಯಾಗಿರೋದು ಕೊಟ್ಟಿದ್ದೀರಿ. ಇವಳಿಗೆ ನೋವಾಗ್ತಿದೆ. ನಾಳೆ ಡಾಕ್ಟರ ಹತ್ತಿರ ತೋರಿಸೋಣ. ಸೋಮವಾರದಿಂದ ಡೇಕೇರಿಗೇ ಬಿಡ್ತೀನಿ."

ಯಜಮಾನರು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮಲಗುವ ಮುಂಚೆ ನಾನೇ ಕೆದಕಿದೆ. "ಮಗು ಯಾಕೆ ಹಾಗೆ ಮಾಡ್ತಿದೆ, ನಿಮಗೇನಾದರೂ ಹೊಳೀತಾ?"

"ನನಗೇನು ಗೊತ್ತು?" ಅಂದು ಗೋಡೆಯ ಕಡೆ ತಿರುಗಿದರು. ಅವರ ಕಿವಿ ಕೆಂಪಾಗಿತ್ತು. ಎದ್ದು ಹೋಗಿ ಸೊಸೆಗೆ ಹೇಳಿಬಿಡಲೇ ಅನ್ನಿಸಿತು. ಆದರೆ ಇಷ್ಟು ವರ್ಷ ಕಾಪಾಡಿದ ಗುಟ್ಟು ಅವರದ್ದು. ಹೇಳುವುದಾದರೆ ಅವರೇ ಹೇಳಬೇಕು. ನಾಳೆಯೂ ಹೇಳದಿದ್ದರೆ ಮಾತ್ರ ನಾನು ಸುಮ್ಮನಿರುವುದಿಲ್ಲ ಅಂದುಕೊಂಡು ಮಲಗಿದೆ.

ಮಕ್ಕಳ ಡಾಕ್ಟರಮ್ಮನ ಕೋಣೆ ಚಿಕ್ಕದು. ಗೋಡೆಯ ಮೇಲೆ ಬಣ್ಣದ ಮೀನುಗಳು, ಮೂಲೆಯಲ್ಲಿ ತೂಕದ ಯಂತ್ರ. ನಾವು ಮಗುವೂ ಸೇರಿ ಐದು ಜನ ಒಳನುಗ್ಗಿದ ಮೇಲೆ ಬಾಗಿಲು ಮುಚ್ಚಲು ನರ್ಸು ಮಗನ ಹೊಟ್ಟೆಯನ್ನು ಒಳಗೆ ತಳ್ಳಬೇಕಾಯಿತು. ಡಾಕ್ಟರಮ್ಮ ಮಗುವಿನ ಬಾಯಿ ನೋಡಿದರು. "ಹಲ್ಲು ಚೆನ್ನಾಗಿವೆ. ಎಳೆದು ಎಳೆದು ವಸಡು ಕೆಂಪಾಗಿದೆ ಅಷ್ಟೇ. ಎಲ್ಲಿ, ತಿಂಡಿ ತಂದಿದ್ದರೆ ಇಲ್ಲೇ ಕೊಡಿ, ನೋಡೋಣ" ಅಂದರು.

ಸೊಸೆ ಡಬ್ಬಿ ತೆರೆದಳು. ಅವತ್ತಿನ ತಾರೀಖಿನ ಚೀಟಿ ಇದ್ದ ಡಬ್ಬಿ. ಒಳಗೆ ಯಜಮಾನರು ಬೆಳಿಗ್ಗೆ ಬಾಯಿ ಬಿಡದೆ ಮಾಡಿದ ಗೆಣಸು. ಗುಂಡಮ್ಮ ಗೆಣಸು ನೋಡಿತು, ಹಲ್ಲು ಹಿಡಿದು ಎಳೆಯಿತು, ಸೋತಿತು. ಆಮೇಲೆ ಎದುರಿಗಿದ್ದ ಡಾಕ್ಟರಮ್ಮನ ಬಾಯಿಗೆ ಕೈ ಹಾಕಿತು. ಅವರು ಗಾಬರಿಯಿಂದ ಕುರ್ಚಿ ಸಮೇತ ಹಿಂದಕ್ಕೆ ಜರುಗಿದರು.

"ಇದು ಸ್ವಲ್ಪ ವಿಚಿತ್ರವಾಗಿದೆ" ಅಂದರು ತುಟಿ ಒರೆಸಿಕೊಂಡು. "ಯಾವುದಕ್ಕೂ ಒಂದು ರಕ್ತಪರೀಕ್ಷೆ ಮಾಡಿಸಿಬಿಡೋಣ. ಸಿಸ್ಟರ್, ಸೂಜಿ ತನ್ನಿ."

ನರ್ಸು ಟ್ರೇ ತಂದಳು. ಸೊಸೆ ಮಗುವಿನ ತೋಳು ಮೇಲೇರಿಸಿದಳು. ಗುಂಡಮ್ಮ ಸೂಜಿಯನ್ನು ಗುರುತಿಸಿತು, ಕೆಳತುಟಿ ನಡುಗಿತು, ತಲೆ ತಿರುಗಿಸಿ ತಾತನ ಕಡೆ ಎರಡೂ ಕೈ ಚಾಚಿತು. ನಾನು ಸಾಕು ಅಂತ ಬಾಯಿ ತೆರೆದೆ.

"ತಡೀರಿ" ಅಂದರು ಯಜಮಾನರು. "ಒಂದು ಬಟ್ಟಲಲ್ಲಿ ನೀರು ಕೊಡಿ."

ಕುಡಿಯಲು ಅಂದುಕೊಂಡು ನರ್ಸು ಒಂದು ಸ್ಟೀಲ್ ಬಟ್ಟಲಲ್ಲಿ ನೀರು ಕೊಟ್ಟಳು. ಯಜಮಾನರು ರೂಢಿಯಂತೆ ಮರೆ ಹುಡುಕಿ ಬಾಗಿಲ ಕಡೆ ತಿರುಗಿದರು. ಅಲ್ಲಿ ಮಗ ನಿಂತಿದ್ದ. ಗೋಡೆಯ ಕಡೆ ತಿರುಗಿದರು. ಅಲ್ಲಿ ನಾನು. ಬೆನ್ನು ಮಾಡಲು ಆ ಕೋಣೆಯಲ್ಲಿ ಜಾಗವೇ ಇರಲಿಲ್ಲ. ಒಮ್ಮೆ ಸೊಸೆಯ ಮುಖ ನೋಡಿದರು, ಕಣ್ಣು ಕೆಳಗೆ ಹಾಕಿದರು, ಹೆಬ್ಬೆರಳನ್ನು ಬಾಯಿಗೆ ಹಾಕಿದರು.

ಟಣ್.

ಕೆಳಗಿನದೂ ಬಟ್ಟಲು ಸೇರಿತು. ಒಳಗೆ ಸರಿದ ಮುಖದಲ್ಲಿ ಯಜಮಾನರು ಒಂದು ಗೆಣಸಿನ ತುಂಡು ತೆಗೆದು, ವಸಡಿನಲ್ಲಿ ಒತ್ತಿ, ನುಂಗಿ, ತಲೆಯಾಡಿಸಿದರು. ಗುಂಡಮ್ಮ ಕೇಕೆ ಹಾಕಿ ಚಪ್ಪಾಳೆ ತಟ್ಟಿತು. ಅಂತೂ ಇಷ್ಟು ಜನರಲ್ಲಿ ಒಬ್ಬರಿಗಾದರೂ ತಿನ್ನುವ ರೀತಿ ಗೊತ್ತಿದೆಯಲ್ಲ! ಗೆಣಸು ಎತ್ತಿಕೊಂಡು ಗಬಗಬ ತಿಂದಿತು. ಇನ್ನೊಂದು ತಿಂದಿತು. ಡಬ್ಬಿ ಖಾಲಿಯಾಗುವವರೆಗೂ ತಿಂದಿತು.

ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಏನೋ ಬರೆಯುವವರಂತೆ ತಲೆ ತಗ್ಗಿಸಿದರು. ಅವರ ಭುಜ ಕುಣಿಯುತ್ತಿತ್ತು. ನರ್ಸು ಟ್ರೇ ಸಮೇತ ಆಚೆ ಓಡಿದಳು, ಆ ಕಡೆಯಿಂದ ನಗು ಕೇಳಿಸಿತು. ಮಗ ಮಾತ್ರ ಬಾಯಿ ತೆರೆದುಕೊಂಡೇ ನಿಂತಿದ್ದ. "ಅಪ್ಪ, ಹಾಗಾದರೆ ನಾನು ಚಿಕ್ಕವನಿದ್ದಾಗಿಂದ..."

"ಇಲ್ವೋ" ಅಂದೆ ನಾನು. "ಆಮೇಲೆ. ಬಾಯಿ ಮುಚ್ಚು, ಮಗು ಹಿಡ್ಕೊಳ್ಳುತ್ತೆ."

ಸೊಸೆ ನಗಲಿಲ್ಲ. ಬಟ್ಟಲನ್ನು ನೋಡಿದಳು, ಮಾವನನ್ನು ನೋಡಿದಳು, ಮಗುವಿನ ತೋಳಿನ ಬಟ್ಟೆಯನ್ನು ಮೆಲ್ಲಗೆ ಕೆಳಗಿಳಿಸಿದಳು. ಯಜಮಾನರು ಹಲ್ಲು ಹಾಕಿಕೊಂಡು, ನಮಗಿಂತ ಮುಂದಾಗಿ, ತಲೆ ಎತ್ತದೆ ಮನೆಗೆ ನಡೆದರು.

ಮನೆಗೆ ಬಂದವರು ಏಪ್ರನ್ನು ಮಡಿಸಿ ಬೀರುವಿನಲ್ಲಿಟ್ಟರು. ಮೇಣದ ಚಾಕುವನ್ನು ಒರೆಸಿ ಡಬ್ಬಿಗೆ ಹಾಕಿದರು. ಮಗನನ್ನು ಕರೆದು, "ಸೋಮವಾರದಿಂದ ಮಗೂನ ಡೇಕೇರಿಗೇ ಬಿಡಿ. ನನ್ನಿಂದ ಅದಕ್ಕೆ ಕೆಟ್ಟ ಅಭ್ಯಾಸ ಆಯ್ತು" ಅಂದು ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ನಾನು ಕಾಫಿ ಲೋಟ ಹಿಡಿದು ಒಳಗೆ ಹೋದೆ.

"ನೀನೂ ನಗು" ಅಂದರು.

"ನಗೋದಿದ್ರೆ ನೆಗಡಿ ಹೋದ ದಿನವೇ ನಗ್ತಿದ್ದೆ."

ಅವರು ನಿಧಾನವಾಗಿ ತಲೆ ಎತ್ತಿದರು. "ನಿನಗೆ ಗೊತ್ತಿತ್ತಾ?"

"ಗಂಡನ ಬಾಯಿ ನೋಡದೆ ಇಷ್ಟು ವರ್ಷ ಸಂಸಾರ ಮಾಡಿದ್ದೀನಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಕಷ್ಟಪಟ್ಟು ಬಚ್ಚಿಡ್ತಿದ್ರಿ. ಯಾಕೆ ನಿರಾಸೆ ಮಾಡ್ಲಿ ಅಂತ."

ಅವರು ಕಾಫಿ ಕುಡಿದರು. ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಲೋಟ ಖಾಲಿಯಾದರೂ ಬಿಡಲಿಲ್ಲ. ಭಾನುವಾರ ಪೂರ್ತಿ ಕೋಣೆಯಿಂದ ಹೊರಗೆ ಬಂದದ್ದು ಊಟಕ್ಕೆ ಮಾತ್ರ. ಅದೂ ಸೊಸೆ ಊಟ ಮಾಡಿ ಎದ್ದ ಮೇಲೆ. ಬಾಗಿಲ ಆಚೆ ಗುಂಡಮ್ಮ ತೆವಳಿಕೊಂಡು ಬಂದು "ತಾ, ತಾ" ಅಂತ ಬಾಗಿಲು ಬಡಿಯಿತು. ಇವರು ಕಿವಿ ಕೇಳದವರಂತೆ ಕೂತರು. ನನಗೆ ಇವರ ಮೇಲೂ ಸಿಟ್ಟು, ಸುಮ್ಮನಿದ್ದ ಸೊಸೆಯ ಮೇಲೂ ಸಿಟ್ಟು. ಆ ಸಿಟ್ಟಿನಲ್ಲಿ ಒಂದು ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟೆ.

ಸೋಮವಾರ ಬೆಳಿಗ್ಗೆ ಬಾಗಿಲ ಹತ್ತಿರ ಡೇಕೇರಿನ ಚೀಲ ಸಿದ್ಧವಾಗಿತ್ತು. ಬದಲಿ ಬಟ್ಟೆ, ನೀರಿನ ಲೋಟ, ಚೀಟಿ ಅಂಟಿಸಿದ ಡಬ್ಬಿ. ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಅವರ ಹಾಸಿಗೆ ಮಡಿಸುತ್ತಿದ್ದೆ. ಬಾಗಿಲು ತೆರೆಯಿತು. ಕಚೇರಿಗೆ ಹೊರಟು ನಿಂತ ಸೊಸೆ, ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹಬೆಯಾಡುವ ಕ್ಯಾರೆಟ್ಟು, ಒಂದು ತುಂಡು ದಪ್ಪ, ಒಂದು ತುಂಡು ತೆಳ್ಳಗೆ. ಅವಳೇ ಬೇಯಿಸಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಏಪ್ರನ್ನು ಅವಳ ಹೆಗಲ ಮೇಲಿತ್ತು.

ಅವಳು ಮಗುವನ್ನು ನೆಲಕ್ಕೆ ಬಿಟ್ಟು, ತಟ್ಟೆಯನ್ನು ಮಾವನ ಮುಂದಿನ ಸ್ಟೂಲಿನ ಮೇಲಿಟ್ಟಳು. ಪಕ್ಕದಲ್ಲಿ ನೀರಿದ್ದ ಒಂದು ಸ್ಟೀಲ್ ಬಟ್ಟಲನ್ನೂ ಇಟ್ಟಳು.

"ಮಾವ, ಇದು ಸಾಕಷ್ಟು ಬೆಂದಿದೆಯಾ ನೋಡಿ ಹೇಳಿ. ನನಗೆ ಬೆರಳಲ್ಲಿ ಗೊತ್ತಾಗ್ತಿಲ್ಲ."

ಯಜಮಾನರು ತಟ್ಟೆ ನೋಡಿದರು. ಬಟ್ಟಲು ನೋಡಿದರು.

"ಬೇಕಿದ್ದರೆ ನಾನು ಆ ಕಡೆ ತಿರುಗ್ತೀನಿ" ಅಂದಳು ಸೊಸೆ.

"ಬೇಡ ಬಿಡಮ್ಮ" ಅಂದರು ಯಜಮಾನರು. "ತಿರುಗೋದೇನೂ ಬೇಡ."

ಟಣ್ ಅಂದಿದ್ದೇ ಗುಂಡಮ್ಮ ನೆಲದ ಮೇಲಿನಿಂದಲೇ ಚಪ್ಪಾಳೆ ತಟ್ಟಿತು. ಸೊಸೆ ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಏನನ್ನೋ ಕಿತ್ತಂತೆ ಮಾಡಿ, ಬಟ್ಟಲಿಗೆ ಹಾಕಿದಂತೆ ನಟಿಸಿದಳು. ಅಮ್ಮನಿಗೂ ಕೊನೆಗೆ ಬುದ್ಧಿ ಬಂತು ಅನ್ನುವಂತೆ ಮಗು ಅವಳನ್ನೇ ನೋಡಿತು. ಯಜಮಾನರು ಕ್ಯಾರೆಟ್ಟಿನ ತುಂಡೊಂದನ್ನು ವಸಡಿನಲ್ಲಿ ಒತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಯೋಚಿಸಿದರು.

"ಇನ್ನೂ ಸ್ವಲ್ಪ ಬೇಯಬೇಕು" ಅಂದರು.

ಸೊಸೆ "ಸರಿ ಮಾವ" ಅಂದು ಏಪ್ರನ್ನನ್ನು ಅವರ ಕೈಗೆ ಕೊಟ್ಟಳು. ಬಾಗಿಲ ಹತ್ತಿರವಿದ್ದ ಚೀಲದಿಂದ ಮಗುವಿನ ಬಟ್ಟೆಗಳನ್ನು ತೆಗೆದು ಬೀರುವಿಗೆ ಇಟ್ಟು ಕೆಲಸಕ್ಕೆ ಹೋದಳು.